ಈ ಮೆಸ್ಸಿನಲ್ಲಿ ಉಂಡವರಿಗೆ ಏನಾಯ್ತು ಗೊತ್ತೇ?

ಹೆಡ್ಡಿಂಗ್ ಬರೆಯುವುದೂ ಒಂದು ಕೆಲಸ, ಅದಕ್ಕೂ ಸಂಬಳ ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ. ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ, ಕೆಳಗೆ ಪಾತ್ರೆ ಅಂಗಡಿ ಇದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ, ಇಂಟರ್ನೆಟ್‌ನಲ್ಲಿ ಕನ್ನಡ ಲೇಖನ ಹಾಕುವ ಒಂದು ಆಫೀಸು ಶುರುವಾಗಿತ್ತು. ಮನೆಗಳಲ್ಲಿ ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲ ಅದು. ಮೊಬೈಲ್ ಹೆಚ್ಚಿನವರ ಕೈಯಲ್ಲಿತ್ತು, ಆದರೆ ಅದರಲ್ಲಿ ಮಾತಾಡಬಹುದಿತ್ತು, ಎಸ್ಸೆಮ್ಮೆಸ್ ಕಳಿಸಬಹುದಿತ್ತು, ಅಷ್ಟೇ. ಇಂಟರ್ನೆಟ್ ಬೇಕೆಂದರೆ ಸೈಬರ್ ಸೆಂಟರಿಗೆ ಹೋಗಬೇಕಿತ್ತು. ನನಗೆ ಸಿಕ್ಕ ಕೆಲಸ ಬಂದ ಲೇಖನಗಳನ್ನು ತಿದ್ದುವುದು ಮತ್ತು ಅವುಗಳ ನೆತ್ತಿಯ ಮೇಲೆ ಒಂದು ಹೆಡ್ಡಿಂಗ್ ಕೂರಿಸುವುದು.

ನಮ್ಮ ಸಂಪಾದಕರು ಸಂಜೆಪತ್ರಿಕೆಯಲ್ಲಿ ಬಹಳ ವರ್ಷ ದುಡಿದು ಬಂದವರು. ಮನುಷ್ಯ ಒಳ್ಳೆಯವರು, ಹಬ್ಬಕ್ಕೆ ಎಲ್ಲರಿಗೂ ಸಿಹಿ ತರುತ್ತಿದ್ದರು, ಹೆಡ್ಡಿಂಗ್ ವಿಷಯಕ್ಕೆ ಬಂದರೆ ಮಾತ್ರ ಅವರಿಗೆ ದಯೆ ದಾಕ್ಷಿಣ್ಯ ಇರಲಿಲ್ಲ. ಎಲ್ಲವನ್ನೂ ಮೇಲೆಯೇ ಹೇಳಿಬಿಟ್ಟರೆ ಜನ ಒಳಗೆ ಯಾಕೆ ಬರಬೇಕು ಎನ್ನುವುದು ಅವರ ವಾದ. ಅರ್ಧ ಹೇಳಬೇಕು, ಪ್ರಶ್ನೆ ಕೇಳಬೇಕು, 'ನೀವು' ಎನ್ನಬೇಕು, ಆದಷ್ಟು ಮಟ್ಟಿಗೆ ಹೆದರಿಸಬೇಕು. ಹಾಲು ಉಕ್ಕದಂತೆ ಕಾಯಿಸುವ ಬಗ್ಗೆ ಯಾರೋ ಗೃಹಿಣಿ ಪಾಪ ನಾಲ್ಕು ಸಾಲು ಬರೆದು ಕಳಿಸಿದರೆ ಅದು 'ನಿಮ್ಮ ಒಲೆಯ ಮೇಲೆ ದಿನಾ ನಡೆಯುವ ಅನಾಹುತ' ಆಗುತ್ತಿತ್ತು. ಕೆಂಗೇರಿ ಬಸ್ಸಿನ ಮಾರ್ಗ ಬದಲಾದ ಸುದ್ದಿ 'ಕೆಂಗೇರಿಗೆ ಹೊರಟವರು ತಲುಪಿದ್ದೆಲ್ಲಿಗೆ?' ಆಗುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದೇ ನಮ್ಮ ಉದ್ಯೋಗ ಎಂದು ನಾನು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದೆ. ಎಷ್ಟು ಜನ ಹೆಡ್ಡಿಂಗ್ ಒತ್ತಿ ಒಳಗೆ ಬಂದರು ಎಂಬುದಕ್ಕೆ ಆಫೀಸಿನಲ್ಲಿ 'ಹಿಟ್ಸ್' ಅನ್ನುತ್ತಿದ್ದರು. ಬೆಳಿಗ್ಗೆ ಬಂದ ತಕ್ಷಣ ದೇವರಿಗೆ ಕೈ ಮುಗಿಯುವುದಕ್ಕೂ ಮೊದಲು ಸಂಪಾದಕರು ಅದನ್ನು ನೋಡುತ್ತಿದ್ದರು.

ಮುಖಪುಟದ ದೊಡ್ಡ ಲೇಖನಗಳ ಹೆಡ್ಡಿಂಗನ್ನು ನಾವು ಟೈಪ್ ಮಾಡಿ ಹಾಗೇ ಬಿಡುತ್ತಿರಲಿಲ್ಲ. ಹಳದಿ ಪಟ್ಟಿಯ ಮೇಲೆ ಕೆಂಪು ದಪ್ಪ ಅಕ್ಷರ ಬರೆದು, ಫೋಟೋ ಜೊತೆ ಸೇರಿಸಿ, ಒಂದೇ ಚಿತ್ರವಾಗಿ ಮಾಡಿ ಹಾಕುತ್ತಿದ್ದೆವು. ಅದು ಚೆಂದಕ್ಕೆ ಎಂದೇ ನಾನು ತಿಳಿದಿದ್ದೆ.

ಮಧ್ಯಾಹ್ನದ ಊಟಕ್ಕೆ ನಾನು ಹೋಗುತ್ತಿದ್ದದ್ದು ಮಾಗಡಿ ರಸ್ತೆಯ ಕಡೆಗಿನ ಒಂದು ಓಣಿಯ ಮೆಸ್ಸಿಗೆ. ಮೆಸ್ ಎಂದರೆ ಬಾಡಿಗೆ ಮನೆಯೊಂದರ ಮುಂದಿನ ಕೋಣೆ. ಬೋರ್ಡ್ ಇರಲಿಲ್ಲ, ಬಾಗಿಲ ಮುಂದಿನ ಚಪ್ಪಲಿ ರಾಶಿಯೇ ಬೋರ್ಡು. ಬಾಗಲಕೋಟೆ ಕಡೆಯ ಒಬ್ಬ ಅಕ್ಕ ಅದನ್ನು ನಡೆಸುತ್ತಿದ್ದರು. ಅವರ ಯಜಮಾನರು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮಾಡುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಕಾಳುಪಲ್ಯ, ಕೊನೆಗೆ ಅನ್ನ ಮಜ್ಜಿಗೆ. ಉಣ್ಣುವವರೆಲ್ಲ ಆ ಕಡೆಯಿಂದಲೇ ಓದಲು, ಪರೀಕ್ಷೆ ಕಟ್ಟಲು, ಕೆಲಸ ಹುಡುಕಲು ಬಂದ ಹುಡುಗರು. ಓಣಿಯ ತುದಿಯಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು.

ಎಂ.ಎ. ಓದುವಾಗ ನಾನು ಮೊದಲ ಸಲ ಅಲ್ಲಿಗೆ ಹೋದಾಗ, ಅಷ್ಟು ಹುಡುಗರ ನಡುವೆ ನಾನೊಬ್ಬಳೇ ಎಲ್ಲಿ ಕೂರುವುದು ಎಂದು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಒಲೆಯ ಮುಂದಿನಿಂದ ಕತ್ತು ಹೊರಳಿಸಿ ನೋಡಿ, ಒಳಗೆ ಬಾ ಎಂದು ಅಡುಗೆಮನೆಯಲ್ಲೇ ತಮ್ಮ ಪಕ್ಕ ಮಣೆ ಹಾಕಿದರು. ಆಮೇಲೆ ಅದೇ ನನ್ನ ಜಾಗವಾಯಿತು. ನಮ್ಮ ಕಡೆಯವರ ಹಲ್ಲಿಗೆ ಕಡಕ್ ರೊಟ್ಟಿ ಆಗುವುದಿಲ್ಲವೆಂದು ತಮಾಷೆ ಮಾಡುತ್ತಾ ಹೆಂಚಿನಿಂದ ಇಳಿದ ಮೆತ್ತಗಿನ ರೊಟ್ಟಿಯನ್ನು ನೇರ ನನ್ನ ತಟ್ಟೆಗೆ ಹಾಕುತ್ತಿದ್ದರು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅಮ್ಮನಿಗೆ ಈ ಊಟ ಕಂಡರೆ ಆಗುತ್ತಿರಲಿಲ್ಲ. ದಿನಾ ಬದನೆಕಾಯಿ ತಿಂದರೆ ನಂಜು, ಶೇಂಗಾ ತಿಂದರೆ ಪಿತ್ತ ಎಂದು ಗೊಣಗುತ್ತಿದ್ದರು. ಅಮ್ಮ ಆ ಅಕ್ಕನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಒಂದು ವಾರ ಮುಖಪುಟಕ್ಕೆ ಏನೂ ಇಲ್ಲದೆ ಸಂಪಾದಕರು ಊಟ ತಿಂಡಿಯ ಬಗ್ಗೆ ಏನಾದರೂ ಬರೆಯಲು ಹೇಳಿದಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಅಕ್ಕನ ಮೆಸ್ಸಿನ ಬಗ್ಗೆ ಬರೆದೆ. ತುಂಬ ಪ್ರೀತಿಯಿಂದ ಬರೆದೆ. ಅಲ್ಲಿ ಉಂಡ ಹುಡುಗರು ಕೆಲಸ ಸಿಕ್ಕಿ ಊರಿನ ಇನ್ನೊಂದು ತುದಿಗೆ ಹೋದರೂ ಭಾನುವಾರ ಎರಡು ಬಸ್ ಬದಲಿಸಿ ಬರುವುದು, ಒಬ್ಬ ಮದುವೆಯಾದ ಮೇಲೆ ಹೆಂಡತಿಯನ್ನು ಎಣ್ಣೆಗಾಯಿ ಕಲಿಯಲು ಕರೆತಂದದ್ದು, ಇನ್ನೊಬ್ಬ ಇದೇ ಓಣಿಯಲ್ಲಿ ಕೋಣೆ ಸಿಗದಿದ್ದರೆ ಬೆಂಗಳೂರೇ ಬೇಡ ಎಂದದ್ದು, ಎಲ್ಲ ಅದರಲ್ಲಿತ್ತು. 'ವಿಜಯನಗರದಲ್ಲೊಂದು ರೊಟ್ಟಿ ಊಟ' ಎಂದು ಹೆಡ್ಡಿಂಗ್ ಕೊಟ್ಟೆ. ಆಫೀಸಿನ ಕ್ಯಾಮೆರಾ ಒಯ್ದು ಒಲೆಯ ಮುಂದೆ ಕೂತ ಅಕ್ಕನ ಫೋಟೋ ತೆಗೆದೆ. ಒಂದರಲ್ಲಿ ನಗುತ್ತಿದ್ದರು. ಇನ್ನೊಂದರಲ್ಲಿ ಫ್ಲಾಶಿಗೆ ಬೆಚ್ಚಿ ಕಣ್ಣು ಅಗಲಿಸಿದ್ದರು.

ಲೇಖನ ಹಾಕುವ ದಿನ ನನಗೆ ಮೈ ಬಿಸಿಯಿತ್ತು, ಬೆನ್ನು ಸಿಡಿಯುತ್ತಿತ್ತು. ಬೇಗ ಮನೆಗೆ ಹೊರಡೋಣವೆಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಪರದೆಯ ಕಡೆ ನೋಡಿದರೆ, ಸಂಪಾದಕರು ಬೆಚ್ಚಿದ ಫೋಟೋವನ್ನು ಆರಿಸಿ, ಅದರ ಮೇಲೆ ಹೆಡ್ಡಿಂಗ್ ಕೂರಿಸಿ ಮುಗಿಸಿದ್ದರು. 'ವಿಜಯನಗರದ ಈ ಮೆಸ್ಸಿನಲ್ಲಿ ಉಂಡವರಿಗೆ ಏನಾಯ್ತು ಗೊತ್ತೇ?' ಇದು ಹೊಗಳಿ ಬರೆದ ಲೇಖನ ಸಾರ್ ಎಂದೆ.

"ಅದಕ್ಕೇ ಕಣಮ್ಮ," ಅಂದರು ಅವರು ಸಮಾಧಾನವಾಗಿ. "ಏನಾಯ್ತು ಅಂತ ಹೆದರ್ಕೊಂಡು ಒಳಗೆ ಬರ್ತಾರೆ. ಬಂದ್ರೆ ಹೊಗಳಿಕೆ ಇರುತ್ತೆ. ನಕ್ಕೊಂಡು ಹೋಗ್ತಾರೆ. ನಿಮ್ಮ ಅಕ್ಕನ ಮನೆ ಮುಂದೆ ನಾಳೆ ಕ್ಯೂ ನಿಲ್ಲುತ್ತೆ ನೋಡ್ತಿರು."

ಮಾತಿನಲ್ಲಿ ತಪ್ಪು ಕಾಣಲಿಲ್ಲ. ಜ್ವರದಲ್ಲಿ ವಾದಿಸುವ ತ್ರಾಣವೂ ಇರಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದು ಮಲಗಿದೆ.

ಮರುದಿನ ಬೆಳಿಗ್ಗೆ ಮೈಮೇಲೆ ನೀರುಗುಳ್ಳೆ ಎದ್ದಿದ್ದವು. ಡಾಕ್ಟರ ಬಾಯಲ್ಲಿ ಅದು ಚಿಕನ್‌ಪಾಕ್ಸ್, ಅಮ್ಮನ ಬಾಯಲ್ಲಿ 'ಅಮ್ಮ ಬಂದಿದ್ದಾಳೆ'. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಮಿಕ್ಕಿದ್ದೆಲ್ಲ ಅಮ್ಮನ ಕಾನೂನು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಹೊರಗಿನವರು ಗೇಟು ದಾಟುವಂತಿರಲಿಲ್ಲ, ಹೊರಗಿನ ಪದಾರ್ಥ ಒಳಗೆ ಬರುವಂತಿರಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಬೇವಿನೆಲೆಯ ಮೇಲೆ ಮಲಗಿ ಸೀಲಿಂಗ್ ನೋಡುತ್ತಾ ದಿನ ಕಳೆಯತೊಡಗಿದೆ.

ಆಗ ನನ್ನ ಫೋನಿಗೆ ಒಂದು ಎಸ್ಸೆಮ್ಮೆಸ್ ಬಂತು. ಕಳಿಸಿದ್ದು ನನ್ನ ಎಂ.ಎ. ಸಹಪಾಠಿ, ಅವಳಿಗೂ ಯಾರೋ ಕಳಿಸಿದ್ದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ವಿಜಯನಗರದ ಈ ಮೆಸ್ಸಿನಲ್ಲಿ ಉಂಡವರಿಗೆ ಏನಾಯ್ತು ಗೊತ್ತೇ, ಎಚ್ಚರವಾಗಿರಿ, ನಿಮ್ಮ ಸ್ನೇಹಿತರಿಗೂ ತಿಳಿಸಿ. ಅಷ್ಟೇ. ದಿನಕ್ಕೆ ಇಷ್ಟು ಎಸ್ಸೆಮ್ಮೆಸ್ ಪುಕ್ಕಟೆ ಎಂದು ಕಂಪನಿಗಳು ಕೊಡುತ್ತಿದ್ದ ಕಾಲ, ಹುಡುಗರು ಸಿಕ್ಕಿದ್ದನ್ನೆಲ್ಲ ಸಿಕ್ಕವರಿಗೆಲ್ಲ ದಾಟಿಸುತ್ತಿದ್ದರು. ನಾನು ಎದ್ದು ಕೂತೆ. ನನ್ನ ಲೇಖನದ ತಲೆ ಮಾತ್ರ ಕತ್ತರಿಸಿಕೊಂಡು ಊರೆಲ್ಲ ತಿರುಗಿ, ಕೊನೆಗೆ ನನ್ನ ಹಾಸಿಗೆಗೇ ಬಂದಿತ್ತು. ಸಹಪಾಠಿಗೆ ಫೋನ್ ಮಾಡಿ, ಅದು ನಾನೇ ಬರೆದದ್ದು, ಒಳ್ಳೆಯ ಮೆಸ್ಸು ಎಂದು ಹೇಳಿದೆ. ಅವಳು ನಕ್ಕು, ಮತ್ಯಾಕೆ ಹಾಗೆ ಬರೆದಿದೀಯ ಎಂದು ಕೇಳಿದಳು. ಅಕ್ಕನಿಗೆ ಫೋನ್ ಇರಲಿಲ್ಲ. ಆಫೀಸಿಗೆ ಫೋನ್ ಮಾಡಿದರೆ ಸಂಪಾದಕರು ಖುಷಿಯಲ್ಲಿ ತೇಲುತ್ತಿದ್ದರು, ಇಷ್ಟು ಹಿಟ್ಸ್ ಎಂದೂ ಬಂದಿಲ್ಲವಂತೆ. ಅಷ್ಟು ಜನ ಒಳಗೆ ಬಂದು ಓದಿದ್ದಾರಲ್ಲ, ಎಸ್ಸೆಮ್ಮೆಸ್ಸಿನ ಹುಚ್ಚರು ಏನಾದರೂ ಮಾಡಿಕೊಳ್ಳಲಿ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಮೈ ತಿಳಿಯಾಗಿ, ನೀರು ಹಾಕಿಸಿಕೊಂಡು, ಮುಖದ ಮೇಲೆ ಇನ್ನೂ ಮಾಸದ ಕಲೆಗಳನ್ನು ಹೊತ್ತು ನಾನು ಆಫೀಸಿಗೆ ಹೋದ ದಿನವೇ ಮಧ್ಯಾಹ್ನ ಮೆಸ್ಸಿನ ಓಣಿಗೆ ನಡೆದೆ. ರೊಟ್ಟಿ ಬಡಿಯುವ ಸದ್ದಿರಲಿಲ್ಲ. ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಬೀಗ ಬಿದ್ದಿತ್ತು.

ಮನೆಯ ಮಾಲೀಕರು ಪಕ್ಕದಲ್ಲೇ ಇದ್ದರು. ವಿಜಯನಗರ ಇನ್ನೂ ಹೊಲವಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಕುಟುಂಬದವರು, ಈಗ ಬಾಡಿಗೆ ಮನೆಗಳ ಒಡೆಯರು. ಗೇಟಿನ ಹತ್ತಿರ ನಿಂತಿದ್ದ ಅವರನ್ನು ಅಕ್ಕ ಎಲ್ಲಿ ಎಂದು ಕೇಳಿದೆ. ಯಜಮಾನರ ಹತ್ತಿರ ಕಾಮಾಕ್ಷಿಪಾಳ್ಯಕ್ಕೆ ಹೋಗಿರಬೇಕು, ಸಂಜೆ ಬರುತ್ತಾರೆ ಎಂದರು. ಹುಡುಗರು ಒಬ್ಬೊಬ್ಬರಾಗಿ ಬಿಟ್ಟರಂತೆ, ಆಮೇಲೆ ಒಲೆಯೇ ಹೊತ್ತಲಿಲ್ಲವಂತೆ. ನಂತರ ದನಿ ತಗ್ಗಿಸಿ, "ಯಾರೋ ಆಸ್ಪತ್ರೆ ಸೇರವ್ರಂತಲ್ಲಮ್ಮ, ನಿಜವಾ?" ಎಂದು ನನ್ನನ್ನೇ ಕೇಳಿದರು. ಹಾಗೇನೂ ಇಲ್ಲ ಎಂದರೆ, ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಗಾದೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಓಣಿಯ ತುದಿಯ ಸೈಬರ್ ಸೆಂಟರಿನಲ್ಲಿ ಮೆಸ್ಸಿನ ಹುಡುಗರು ಸಿಗಬಹುದೆಂದು ಒಳಗೆ ನುಗ್ಗಿದೆ. ಇಬ್ಬರು ಸಿಕ್ಕರು. ಎರಡು ವರ್ಷದಿಂದ ಅಕ್ಕನ ಕೈ ಊಟ ಉಂಡವರು. ಯಾಕೆ ಬಿಟ್ಟಿರಿ ಎಂದರೆ ಒಬ್ಬ ತಲೆ ತಗ್ಗಿಸಿದ. ಇನ್ನೊಬ್ಬ, "ಏನೋ ಆಗೇತಂತ್ರೀ ಮೇಡಂ," ಎಂದ. ಏನಾಯಿತು ಎಂದು ಕೇಳಿದೆ. ಅದು ಗೊತ್ತಿಲ್ಲವಂತೆ, ಆದರೆ ಏನೋ ಆಗಿದೆಯಂತೆ. ಒಬ್ಬರು ಪಲ್ಯದಲ್ಲಿ ಹಲ್ಲಿ ಬಿದ್ದಿತ್ತು ಎಂದರಂತೆ, ಮತ್ತೊಬ್ಬರು ಎಣ್ಣೆ ಕೆಟ್ಟದ್ದು ಎಂದರಂತೆ. ತಲೆ ತಗ್ಗಿಸಿದವನು ಆಗ ಬಾಯಿ ಬಿಟ್ಟು, ಆ ವಾರ ತನಗೂ ಹೊಟ್ಟೆ ನುಲಿದಂತೆ ಆಗಿತ್ತು, ಆಗ ಅದು ಯಾಕೆಂದು ಹೊಳೆದಿರಲಿಲ್ಲ ಎಂದ. ನಾನು ದಂಗಾದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಇವನು ತನ್ನ ಹೊಟ್ಟೆಯೊಳಗೇ ಕರುವನ್ನು ಹುಡುಕಿ ತೆಗೆದಿದ್ದ.

ಲೇಖನ ಓದಲಿಲ್ಲವೇ, ಒಳಗೆ ಅಷ್ಟು ಚೆನ್ನಾಗಿ ಬರೆದಿದ್ದೇನಲ್ಲ, ಕಣ್ಣು ಇಲ್ಲವೇ ಎಂದು ದಬಾಯಿಸಿದೆ. ಅವನು ಕಂಪ್ಯೂಟರಿನ ಕಡೆ ತಿರುಗಿ ನಮ್ಮ ಪುಟ ತೆರೆದ. ಹಳದಿ ಪಟ್ಟಿಯ ಮೇಲೆ ಕೆಂಪು ಅಕ್ಷರದ ಹೆಡ್ಡಿಂಗ್ ಬಂತು. ಅದರ ಕೆಳಗೆ ಕಣ್ಣು ಅಗಲಿಸಿದ ಅಕ್ಕನ ಮುಖ ಬಂತು. ಅದರ ಕೆಳಗೆ ಲೇಖನ ಇರಬೇಕಾದ ಜಾಗದಲ್ಲಿ, ಪುಟದ ತುದಿಯವರೆಗೆ, ಸಾಲು ಸಾಲು ಖಾಲಿ ಚೌಕಗಳು.

"ಬರೇ ಡಬ್ಬಿ ಬರ್ತಾವ್ರೀ," ಎಂದ ಅವನು. "ಏನ್ ಓದೂದ್ರೀ ಇದರಾಗ?"

ಕನ್ನಡ ಅಕ್ಷರದ ಫಾಂಟ್ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಪಕ್ಕದ್ದರಲ್ಲೂ ಇರಲಿಲ್ಲ. ನಾನು ಒಂದೊಂದಾಗಿ ಎಲ್ಲ ಕುರ್ಚಿಗಳ ಹಿಂದೆ ನಿಂತು ತೆರೆಸಿ ನೋಡಿದೆ. ಎಲ್ಲದರಲ್ಲೂ ಅದೇ. ಚಿತ್ರವಾಗಿ ಹಾಕಿದ ಹೆಡ್ಡಿಂಗ್ ಮಾತ್ರ ಎಲ್ಲ ಕಡೆ ಸ್ಪಷ್ಟವಾಗಿ ಹೊಳೆಯುತ್ತಿತ್ತು, ನಾನು ಪ್ರೀತಿಯಿಂದ ಬರೆದದ್ದೆಲ್ಲ ಡಬ್ಬಿಯಾಗಿತ್ತು. ನಮ್ಮ ಆಫೀಸಿನ ಕಂಪ್ಯೂಟರುಗಳಲ್ಲಿ ಫಾಂಟ್ ಇದ್ದದ್ದರಿಂದ ನಾನು ಒಮ್ಮೆಯೂ ನಮ್ಮ ಪುಟವನ್ನು ಹೀಗೆ ನೋಡಿರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಬರೆದದ್ದು, ತಿದ್ದಿದ್ದು, ಒಂದು ಪದಕ್ಕಾಗಿ ತಲೆ ಕೆಡಿಸಿಕೊಂಡದ್ದು ಎಲ್ಲವೂ ಇಲ್ಲಿ ಹೀಗೇ ಬಂದಿರಬೇಕು. ಅದೇ ಪುಟವನ್ನು ಯಾರೋ ಪ್ರಿಂಟ್ ತೆಗೆದು ಹುಡುಗರ ರೂಮುಗಳಿದ್ದ ಕಟ್ಟಡದ ಮೆಟ್ಟಿಲ ಗೋಡೆಗೆ ಅಂಟಿಸಿದ್ದಾರೆ ಎಂದೂ ಆ ಹುಡುಗನೇ ಹೇಳಿದ. ಅಕ್ಕನೂ ಅದನ್ನು ನೋಡಿದ್ದಾರಂತೆ.

ಆಫೀಸಿಗೆ ಓಡಿದೆ. ಸಂಪಾದಕರು ಕಾಫಿ ಕುಡಿಯುತ್ತಿದ್ದರು. ಸೈಬರ್ ಸೆಂಟರಿನಲ್ಲಿ ನಮ್ಮ ಲೇಖನಗಳು ಕಾಣುವುದೇ ಇಲ್ಲ ಸಾರ್, ಬರೀ ಚೌಕ ಬರುತ್ತದೆ ಎಂದು ಏದುಸಿರು ಬಿಡುತ್ತಾ ಹೇಳಿದೆ. ಅವರೂ ನನ್ನಂತೆಯೇ ಹೌಹಾರುತ್ತಾರೆ ಎಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಗೊತ್ತಲ್ಲ," ಅಂದರು. "ಅದಕ್ಕೇ ತಾನೆ ಹೆಡ್ಡಿಂಗನ್ನ ಚಿತ್ರ ಮಾಡಿ ಹಾಕೋದು. ಅದಾದ್ರೂ ಕಾಣ್ಲಿ ಅಂತ."

ಓದುವುದು ಯಾರು ಹಾಗಾದರೆ ಎಂದು ಕೇಳಿದೆ. ಹೊರದೇಶದವರು ಫಾಂಟ್ ಹಾಕಿಕೊಂಡಿರುತ್ತಾರೆ, ಅವರು ಓದುತ್ತಾರೆ, ಇಲ್ಲಿಯವರು ಒತ್ತಿ ಒಳಗೆ ಬಂದರೆ ಸಾಕು, ಲೆಕ್ಕಕ್ಕೆ ಸೇರುತ್ತದೆ ಎಂದರು. ಅವರ ಮುಖದಲ್ಲಿ ಕಪಟವಿರಲಿಲ್ಲ, ನನಗೆ ಹೆಚ್ಚು ಗಾಬರಿಯಾದದ್ದು ಅದಕ್ಕೇ. ಏನಾಯ್ತು ಗೊತ್ತೇ ಎಂದು ಊರನ್ನೆಲ್ಲ ಕರೆದು, ಬಂದವರಿಗೆ ಉತ್ತರ ಕಾಣುವುದಿಲ್ಲ ಎಂದು ಗೊತ್ತಿದ್ದೂ ಈ ಮನುಷ್ಯ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು. ಒಬ್ಬ ಹೆಂಗಸಿನ ಒಲೆ ಆರಿದೆ ಸಾರ್ ಎಂದು ಕೂಗಿದೆ. ಆ ಆಫೀಸಿನಲ್ಲಿ ನಾನು ದನಿ ಎತ್ತಿದ್ದು ಅದೊಂದೇ ಸಲ. ಸುತ್ತಲಿನವರು ಟೈಪ್ ಮಾಡುವುದನ್ನು ನಿಲ್ಲಿಸಿದರು. ಸಂಪಾದಕರಿಗೆ ನಿಜಕ್ಕೂ ಬೇಸರವಾಯಿತು ಎಂದು ಕಾಣುತ್ತದೆ, ಛೆ ಛೆ ಎಂದುಕೊಂಡರು, ನೀನೇ ಒಂದು ಹೆಡ್ಡಿಂಗ್ ಬರೆದುಕೊಡು, ಈಗಲೇ ಬದಲಾಯಿಸೋಣ ಎಂದರು.

ಕೂತೆ. ಒಂದು ಹೆಡ್ಡಿಂಗ್. ಕಲಿತದ್ದೆಲ್ಲ ತಲೆಗೆ ಬಂತು, ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ 'ವಿಜಯನಗರದ ಈ ಮೆಸ್ಸಿನ ಊಟ ತುಂಬ ಚೆನ್ನಾಗಿದೆ, ಉಂಡವರಿಗೆ ಏನೂ ಆಗಿಲ್ಲ' ಎಂದು ಬರೆದೆ. ಹೆಡ್ಡಿಂಗೆಂದು ಅದನ್ನು ಕರೆಯಲು ನನಗೇ ನಾಚಿಕೆಯಾಯಿತು. ಸಂಪಾದಕರು ಅದನ್ನೇ ಕೆಂಪು ಅಕ್ಷರದಲ್ಲಿ ಹಾಕಿದರು, ನಗುವ ಫೋಟೋ ಹಾಕಿದರು. ಮರುದಿನ ಬೆಳಿಗ್ಗೆ ನೋಡಿದರೆ ಅದನ್ನು ಒತ್ತಿದವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಚೆನ್ನಾಗಿದೆ ಎಂಬ ಸುದ್ದಿ ಯಾವ ಎಸ್ಸೆಮ್ಮೆಸ್ಸನ್ನೂ ಹತ್ತಲಿಲ್ಲ.

ಕಂಪ್ಯೂಟರಿನ ಮೇಲಿನ ಭರವಸೆ ಬಿಟ್ಟೆ. ಲೇಖನವನ್ನು ಪ್ರಿಂಟ್ ತೆಗೆದುಕೊಂಡು ಆ ದಿನ ಸಂಜೆ ಸೈಬರ್ ಸೆಂಟರಿಗೆ ಹೋಗಿ, ಆ ಇಬ್ಬರನ್ನು ಕೂರಿಸಿ, ಗಟ್ಟಿಯಾಗಿ ಓದಿದೆ. ಹಿಂದಿನ ಕುರ್ಚಿಯವರೂ ಕತ್ತು ಚಾಚಿದರು. ಎರಡು ಬಸ್ ಬದಲಿಸಿ ಬರುವವನ ವಿಷಯ ಬಂದಾಗ ಅವನು ಯಾರೆಂದು ಗೊತ್ತಾಗಿ ನಕ್ಕರು. ಓದಿ ಮುಗಿಸುವ ಹೊತ್ತಿಗೆ ಹೊಟ್ಟೆ ನುಲಿದವನ ಮುಖ ಸಣ್ಣದಾಗಿತ್ತು. ನಾಳೆಯಿಂದಲೇ ಊಟಕ್ಕೆ ಬರುತ್ತೇವೆ, ಎಲ್ಲರಿಗೂ ಹೇಳುತ್ತೇವೆ, ಮೆಟ್ಟಿಲ ಗೋಡೆಯ ಕಾಗದ ಹರಿದು ಹಾಕುತ್ತೇವೆ, ಅಕ್ಕನಿಗೆ ನೀವೇ ಹೇಳಿಬಿಡಿ ಎಂದರು. ನನಗೆ ಜೀವ ಬಂದಂತಾಯಿತು. ಓಣಿಯಲ್ಲಿ ಹೆಚ್ಚು ಕಡಿಮೆ ಓಡಿದೆ.

ಬಾಗಿಲು ತೆರೆದಿತ್ತು. ಅಕ್ಕ ಮುಂದಿನ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ರೊಟ್ಟಿಯ ಹೆಂಚು ತೊಳೆದು ಗೋಡೆಗೆ ಒರಗಿಸಿದ್ದು ಒಳಗಡೆ ಕಾಣುತ್ತಿತ್ತು. ನನ್ನನ್ನು ನೋಡಿದ್ದೇ ಅವರು ದಡಬಡಿಸಿ ಎದ್ದರು. ನಾನು ಚಪ್ಪಲಿ ಬಿಡುವುದಕ್ಕೂ ಮೊದಲು ಹತ್ತಿರ ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಲೆಗಳನ್ನು ಒಂದೊಂದಾಗಿ ನೋಡಿದರು. ಅವರ ಕಣ್ಣು ತುಂಬಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹೆಡ್ಡಿಂಗ್ ಬದಲಾಗಿದೆ, ಹುಡುಗರಿಗೆ ಓದಿ ಹೇಳಿದ್ದೇನೆ, ನಾಳೆ ಬರುತ್ತಾರೆ, ಒಲೆ ಹೊತ್ತಿಸಿ ಅಕ್ಕಾ ಎಂದೆ.

"ಹುಡುಗೂರು ಬಿಟ್ಟರಂತ ನಾ ಒಲಿ ಆರಿಸಿಲ್ಲ, ತಂಗಿ," ಎಂದರು ಅವರು. "ನಾಕ್ ಮಂದಿ ಬರ್ತಿದ್ರು ಇನ್ನೂ. ನಾನs ನಿಲ್ಲಿಸಿದೆ."

ಯಾಕೆ ಎಂದೆ. ನನ್ನನ್ನು ಕೂರಿಸಿ, ಮೆಲ್ಲಗೆ ಶುರುಮಾಡಿದರು. ಮೆಟ್ಟಿಲ ಗೋಡೆಯ ಮೇಲೆ ಅಂಟಿಸಿದ್ದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ್ದರಂತೆ. ಬರೆದದ್ದು ನಾನು ಎಂದು ಅವರಿಗೆ ಗೊತ್ತಿತ್ತು. ನಾನು ಸುಳ್ಳು ಬರೆಯುವುದಿಲ್ಲ ಎಂದೂ ಗೊತ್ತಿತ್ತು. ಹಾಗಾದರೆ ಉಂಡವರು ಯಾರಿಗೋ ಏನೋ ಆಗಿದೆ, ಯಾರಿಗೆ? ಹುಡುಗರೆಲ್ಲ ಕಣ್ಣೆದುರಿಗೇ ಇದ್ದಾರೆ. ಬರದೆ ಇರುವವಳು ನಾನೊಬ್ಬಳೇ. ನಮ್ಮ ಆಫೀಸಿಗೆ ಹೋಗಿ ಕೇಳಿದರೆ ಹುಷಾರಿಲ್ಲ, ರಜೆಯಲ್ಲಿದ್ದಾಳೆ ಎಂದರಂತೆ. ವಿಳಾಸ ಕೇಳಿಕೊಂಡು ಬಸವೇಶ್ವರನಗರದ ನಮ್ಮ ಮನೆಗೇ ಬಂದಿದ್ದರಂತೆ.

ನಮ್ಮ ಮನೆಗೆ ಬಂದಿದ್ದಿರಾ ಎಂದು ಕೇಳಿದೆ.

"ಬಂದಿದ್ದೆ. ಬಾಗಲಾಗ ಬೇವಿನ ಸೊಪ್ಪು ಇತ್ತು. ನಿಮ್ಮವ್ವಾರು ಗೇಟಿನ್ಯಾಗs ನಿಂತು ಮಾತಾಡಿಸಿದ್ರು. ಹೆಂಗಾತು ಅಂತ ಕೇಳಿದೆ. ಯಾವುದೋ ಮೆಸ್ಸಿನ್ಯಾಗ ದಿನಾ ಬದನಿಕಾಯಿ ತಿಂದು ತಿಂದು ನಂಜಾಗಿ ಮೈಮ್ಯಾಲ ಎದ್ದೇತಿ ಅಂದ್ರು. ಆ ಮೆಸ್ಸಿನಾಕಿ ನಾನs ಅಂತ ಹೆಂಗ ಹೇಳ್ಲಿ? ಬ್ರೆಡ್ಡು, ಮೋಸಂಬಿ ತಂದಿದ್ದೆ. ನನ್ನ ಕೈಯಿಂದ ಮಾಡಿದ್ದು ತರಬಾರದು ಅಂತ ಅಂಗಡ್ಯಾಗಿಂದs ತಂದಿದ್ದೆ. ಗೇಟಿಗೆ ತೂಗಿ ಹಾಕಿ ಬಂದೆ."

ಅವತ್ತಿನಿಂದ ತಾವೂ ತಮ್ಮ ಕೈಯಡುಗೆ ಉಣ್ಣುವುದನ್ನು ಬಿಟ್ಟಿದ್ದರಂತೆ. ಯಜಮಾನರಿಗೆ ಕಾಮಾಕ್ಷಿಪಾಳ್ಯದ ಹೋಟೆಲ್ಲಿನಿಂದಲೇ ಕಟ್ಟಿಸುತ್ತಿದ್ದರಂತೆ. ಇದ್ದ ಹಿಟ್ಟನ್ನೆಲ್ಲ ದನಕ್ಕೂ ಹಾಕದೆ ಮೋರಿಗೆ ಸುರಿದರಂತೆ. ನಾನು ಅವರ ಎರಡೂ ಕೈ ಹಿಡಿದುಕೊಂಡು, ಇದು ಗಾಳಿಯಲ್ಲಿ ಬರುವ ಕಾಯಿಲೆ, ಊಟದಿಂದ ಬಂದದ್ದಲ್ಲ, ಅಮ್ಮನಿಗೆ ತಿಳಿಯದು, ಆ ಹೆಡ್ಡಿಂಗ್ ಬರೆದಾಗ ನನಗೆ ಗುಳ್ಳೆಯೇ ಎದ್ದಿರಲಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಯಾರಿಗೂ ಏನೂ ಆಗಿಲ್ಲ ಅಕ್ಕಾ ಎಂದು ಅತ್ತೆ.

ಅವರು ಸೆರಗಿನಿಂದ ನನ್ನ ಕಣ್ಣು ಒರೆಸಿದರು. "ಆಗಿಲ್ಲ ಅಂದ್ರ, ಆಗೇತಿ ಅಂತ ಯಾಕ ಬರದಿ?"

ಜನ ಒಳಗೆ ಬಂದು ನೋಡಲಿ ಎಂದು, ಅಂದೆ. ಬಾಯಿಂದ ಹೊರಗೆ ಬಂದ ಮೇಲೆ ಆ ಮಾತು ಎಷ್ಟು ಹುಚ್ಚು ಎಂದು ನನಗೆ ಕೇಳಿಸಿತು. ಅಕ್ಕ ನಂಬಲಿಲ್ಲ. ಅಷ್ಟಕ್ಕೆ ಯಾರಾದರೂ ಹಾಗೆ ಬರೆಯುತ್ತಾರೆಯೇ. ತಮಗೆ ನೋವಾಗಬಾರದು ಎಂದು ನಾನು ಮುಚ್ಚಿಡುತ್ತಿದ್ದೇನೆ ಎಂದೇ ಅವರು ತಿಳಿದರು. ನನ್ನ ತಲೆ ಸವರಿ, ನೀ ಭಾಳ ಛಲೋ ಹುಡುಗಿ ಎಂದರು.

ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಹೌದು, ಯಾರೋ ಬಂದಿದ್ದರು, ಆಫೀಸಿನಲ್ಲಿ ಕಸ ಗುಡಿಸುವವರಿರಬೇಕು ಅಂದುಕೊಂಡೆ ಎಂದರು. ಗೇಟಿನ ಚೀಲ ಏನಾಯಿತು ಎಂದರೆ, ಅಮ್ಮ ಬಂದ ಮನೆಗೆ ಹೊರಗಿನದು ಬರಬಾರದಲ್ಲ, ಬೀದಿಯ ಹಸುವಿಗೆ ಹಾಕಿದೆ ಎಂದರು. ಅಮ್ಮನಿಗೆ ಆ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಹುಡುಗರು ಕೊಟ್ಟ ಮಾತಿಗೆ ತಪ್ಪಲಿಲ್ಲ. ದಿನಾ ಬಂದು ಬಾಗಿಲಲ್ಲಿ ಕೂತು, ಅಕ್ಕಾ ಹಸಿವು ಎಂದು ಪೀಡಿಸಿ ಪೀಡಿಸಿ ಒಲೆ ಹೊತ್ತಿಸಿದರು. ಮೊದಲು ನಾಲ್ಕು ಜನ, ಆಮೇಲೆ ಎಂಟು, ಆಮೇಲೆ ಓಣಿಯ ತುದಿಗೆ ಮತ್ತೆ ರೊಟ್ಟಿಯ ಸದ್ದು. ನಾನು ಆ ಆಫೀಸು ಬಿಟ್ಟು ರಾಜಾಜಿನಗರದ ಒಂದು ಶಾಲೆಗೆ ಸೇರಿದೆ. ಶನಿವಾರ ಮಧ್ಯಾಹ್ನ ಮೆಸ್ಸಿಗೆ ಹೋಗುತ್ತಿದ್ದೆ. ಅಕ್ಕ ನಗುತ್ತಾ ಒಳಗೆ ಕರೆದು ಅದೇ ಜಾಗದಲ್ಲಿ ಮಣೆ ಹಾಕುತ್ತಿದ್ದರು. ಹೆಂಚಿನಿಂದ ಇಳಿದ ರೊಟ್ಟಿ ನನ್ನ ಕಣ್ಣ ಮುಂದೆಯೇ ಮುಂದಿನ ಕೋಣೆಗೆ, ಹುಡುಗರಿಗೆ ಹೋಗುತ್ತಿತ್ತು. ನನ್ನ ತಟ್ಟೆಯಲ್ಲಿ ಮಾತ್ರ ಬೇಕರಿಯಿಂದ ತರಿಸಿದ ಬನ್ನು, ಒಂದು ಬಾಳೆಹಣ್ಣು. ಎಷ್ಟು ಸಲ ಕೇಳಿದೆ, ಜಗಳವಾಡಿದೆ, ಒಮ್ಮೆ ಬುಟ್ಟಿಗೇ ಕೈ ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಅವರಿಗೆ ಏನೂ ಆಗಂಗಿಲ್ಲ. ನಿನಗ ಬ್ಯಾಡವಾ," ಎಂದರು.

ಆ ಮನೆಯಲ್ಲಿ ನಾನು ಮತ್ತೆ ರೊಟ್ಟಿ ಉಣ್ಣಲಿಲ್ಲ.